ಇಪ್ಪತ್ತೆಂಟು ನಿಮಿಷದ ಸ್ಕೇಟಿಂಗ್: ಐವತ್ತು ದಾಟಿದ ಪಂಕ್ ಗಿಟಾರ್‌ವಾದಕರಿಗೆ

ಐವತ್ತರ ಮೇಲೂ ಪಂಕ್ ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತಾ, ಸ್ಕೇಟ್‌ಬೋರ್ಡನ್ನೂ ಬಿಡದೆ ಇರುವವರು ಎಲ್ಲಕ್ಕಿಂತ ಮೊದಲು ಕಾಪಾಡಿಕೊಳ್ಳಬೇಕಾದದ್ದು ಮಣಿಕಟ್ಟು. ಮಂಡಿ ನೋಯುತ್ತಿದ್ದರೆ ಸ್ಟೂಲಿನ ಮೇಲೆ ಕೂತು ನುಡಿಸಬಹುದು. ಮಣಿಕಟ್ಟು ಮುರಿದರೆ ತಿಂಗಳುಗಟ್ಟಲೆ ಶೋ ಇಲ್ಲ. 180 ಬಿಪಿಎಂ (ನಿಮಿಷಕ್ಕೆ 180 ಬೀಟ್) ವೇಗದ ಹಾಡಿನಲ್ಲಿ ಪ್ರತಿ ಬೀಟಿಗೆ ಎರಡರಂತೆ ಡೌನ್‌ಸ್ಟ್ರೋಕ್ (ಪಿಕ್ಕಿನಿಂದ ತಂತಿಗೆ ಕೆಳಮುಖವಾಗಿ ಹೊಡೆಯುವ ಹೊಡೆತ) ಹೊಡೆದರೆ ಸೆಕೆಂಡಿಗೆ 6, ಎರಡು ನಿಮಿಷಕ್ಕೆ 720. ಅಷ್ಟು ದುಡಿಯುವ ಕೈಯೇ ಬೋರ್ಡಿನಿಂದ ಬೀಳುವಾಗ ಎಲ್ಲಕ್ಕಿಂತ ಮೊದಲು ನೆಲಕ್ಕೆ ಹೋಗುತ್ತದೆ. ಬೋರ್ಡ್ ಜೋಡಿಸುವುದು, ಎಷ್ಟು ಹೊತ್ತು ಆಡುವುದು, ಯಾವಾಗ ಗಿಟಾರ್ ಮುಟ್ಟುವುದು, ಎಲ್ಲವನ್ನೂ ಇದೊಂದರ ಮೇಲೆ ತೀರ್ಮಾನಿಸಿ.

ಹೊತ್ತಿನ ಲೆಕ್ಕಕ್ಕೆ ಮೊಬೈಲ್ ಅಲಾರಂ ಬೇಡ, ಒಂದು ಆಲ್ಬಂ ಇಟ್ಟುಕೊಳ್ಳಿ. ಲಾಸ್ ಏಂಜಲೀಸ್‌ನ ವೆನಿಸ್ ಬೀಚ್ ಕಡೆಯ ಸೂಯಿಸೈಡಲ್ ಟೆಂಡೆನ್ಸೀಸ್ ಬ್ಯಾಂಡಿನ ಮೊದಲ ಆಲ್ಬಂ, 1983ರಲ್ಲಿ ಫ್ರಾಂಟಿಯರ್ ಲೇಬಲ್‌ನಿಂದ ಬಂದದ್ದು, ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. 12 ಹಾಡು, ಸುಮಾರು 28 ನಿಮಿಷ. ಹಳೆಯ ಮೈಗೆ ಒಂದು ದಿನದ ಸ್ಕೇಟಿಂಗ್ ಅಷ್ಟೇ ಸಾಕು. ಸಣ್ಣ ಸ್ಪೀಕರನ್ನು ಬೆಂಚಿನ ಮೇಲಿಡಿ, ಎರಡೂ ಕಿವಿಗೆ ಹೆಡ್‌ಫೋನ್ ಹಾಕಬೇಡಿ. ಹಿಂದಿನಿಂದ ಬರುವ ಸೈಕಲ್ಲಿನ ಸದ್ದು ಕೇಳಿಸಬೇಕು, ನಿಮ್ಮ ಬೇರಿಂಗ್ ಕಿರುಗುಟ್ಟುವುದೂ ಕೇಳಿಸಬೇಕು.

ಅಟ್ಟದ ಬೋರ್ಡನ್ನು ಹಾಗೇ ಹತ್ತಬೇಡಿ

1980ರ ದಶಕದ ಡೆಕ್ (ನಿಲ್ಲುವ ಮರದ ಹಲಗೆ) ಇದ್ದರೆ ಮೊದಲು ಅದರಲ್ಲಿ ಟ್ರಕ್ (ಚಕ್ರಗಳನ್ನು ಹಿಡಿದಿರುವ ಲೋಹದ ಭಾಗ) ಕೂರುವ ತೂತು ಅಳೆಯಿರಿ. ಉದ್ದಕ್ಕೆ ತೂತಿನಿಂದ ತೂತಿಗೆ ಹಳೆಯ ಅಳತೆ ಎರಡೂವರೆ ಇಂಚು, ಈಗಿನದು ಎರಡು ಇಂಚು ಮತ್ತು ಒಂದು ಇಂಚಿನ ಎಂಟನೇ ಒಂದು ಭಾಗ. ಹೊಸ ಟ್ರಕ್ ತರುವುದಾದರೆ ತಳದಲ್ಲಿ ಆರು ತೂತಿರುವುದನ್ನೇ ಕೇಳಿ, ಅದು ಎರಡಕ್ಕೂ ಕೂರುತ್ತದೆ. ಹಳೆಯ ಡೆಕ್ಕಿಗೆ ಹೊಸ ತೂತು ಕೊರೆಯಲು ಹೋಗಬೇಡಿ, ಹತ್ತಿರ ಹತ್ತಿರ ತೂತಾದರೆ ಮರ ಅಲ್ಲೇ ಸೀಳುತ್ತದೆ. ಡೆಕ್ಕಿನ ಅಂಚನ್ನು ಬೆರಳಿನಿಂದ ಒತ್ತುತ್ತಾ ಒಂದು ಸುತ್ತು ಬನ್ನಿ. ಏಳು ಪದರದಲ್ಲಿ ಯಾವುದಾದರೂ ಬಿಟ್ಟುಕೊಂಡು ಬಾಯಿ ತೆರೆದಿದ್ದರೆ ಅದನ್ನು ಗೋಡೆಗೆ ತೂಗುಹಾಕಿ, ಎಂಟೂವರೆ ಇಂಚು ಅಗಲದ ಹೊಸದೊಂದನ್ನು ತನ್ನಿ.

ಹಳೆಯ ಚಕ್ರಗಳ ಮೇಲೆ ಎಷ್ಟೇ ಪ್ರೀತಿಯಿದ್ದರೂ ತೆಗೆದುಬಿಡಿ. ಯುರೆಥೇನ್ ವರ್ಷಗಟ್ಟಲೆ ಬಿದ್ದಿದ್ದರೆ ಹಳದಿಯಾಗಿ, ಗಡುಸಾಗಿ, ತಿರುವಿನಲ್ಲಿ ಜಾರುತ್ತದೆ. ಪಾರ್ಕಿನ ಹುಡುಗರು ಹಾಕುವ 52 ಮಿ.ಮೀ., 99ಎ ಚಕ್ರವೂ (‘ಎ’ ಗಡುಸಿನ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಗಟ್ಟಿ) ನಿಮಗಲ್ಲ. ಸಣ್ಣ, ಗಟ್ಟಿ ಚಕ್ರ ಕಡಲೆಕಾಳಿನಷ್ಟು ಕಲ್ಲಿಗೆ ತಗುಲಿದರೂ ಗಕ್ಕನೆ ನಿಲ್ಲುತ್ತದೆ. ಬೋರ್ಡ್ ನಿಂತರೂ ಮೈ ನಿಲ್ಲದೆ ಮುಂದಕ್ಕೆ ಹೋಗುತ್ತದೆ, ಕೈ ನೆಲಕ್ಕೆ. 60 ಮಿ.ಮೀ. ಅಳತೆಯ, 78ಎ ಮೆದುವಿನ ಚಕ್ರ ಅದೇ ಕಲ್ಲನ್ನು ಹತ್ತಿ ಇಳಿಯುತ್ತದೆ.

ದೊಡ್ಡ ಚಕ್ರಕ್ಕೆ ಒಂದು ಕಾಟವಿದೆ. ತಿರುವಿನಲ್ಲಿ ವಾಲಿದಾಗ ಚಕ್ರ ಡೆಕ್ಕಿನ ಅಡಿಗೆ ತಾಗಿ ಕಚ್ಚಿಕೊಳ್ಳುತ್ತದೆ. ಅದಕ್ಕೇ ಟ್ರಕ್ಕಿಗೂ ಡೆಕ್ಕಿಗೂ ನಡುವೆ 6 ಮಿ.ಮೀ. ದಪ್ಪದ, ರೈಸರ್ ಎಂಬ ಬಿಲ್ಲೆ ಹಾಕಬೇಕು. ರೈಸರ್ ಹಾಕಿದ ಮೇಲೆ ಒಂದು ಇಂಚಿನ ಬೋಲ್ಟು ಸಾಲದು, ಒಂದೂವರೆ ಇಂಚಿನದು ಎಂಟು ಬೇಕು. ಜೋಡಿಸಿ ಮುಗಿದ ಮೇಲೆ ಮನೆಯೊಳಗೆ ಜಮಖಾನದ ಮೇಲೆ ಬೋರ್ಡಿಟ್ಟು, ಒಂದು ಅಂಚಿನ ಮೇಲೆ ಪೂರ್ತಿ ಭಾರ ಹಾಕಿ ನಿಲ್ಲಿ. ಡೆಕ್ಕಿಗೂ ಚಕ್ರಕ್ಕೂ ನಡುವೆ ಪೋಸ್ಟ್‌ಕಾರ್ಡ್ ತೂರಿಸಿ ನೋಡಿ. ತೂರದಿದ್ದರೆ ಟ್ರಕ್ಕಿನ ನಡುವಿನ ದೊಡ್ಡ ಬೋಲ್ಟಾದ ಕಿಂಗ್‌ಪಿನ್ನಿನ ನಟ್ಟನ್ನು ಕಾಲು ಸುತ್ತು ಬಿಗಿ ಮಾಡಿ ಮತ್ತೆ ನಿಲ್ಲಿ. ಎರಡು ಸುತ್ತು ಬಿಗಿದರೂ ತಾಗುತ್ತಿದ್ದರೆ ಕಿಂಗ್‌ಪಿನ್ ಸುತ್ತ ಕೂರುವ ಮೆತ್ತನೆಯ ಬಳೆ, ಅಂದರೆ ಬುಶಿಂಗ್, ಸತ್ತಿದೆ ಎಂದರ್ಥ. ಬಿರುಕು ಬಿಟ್ಟು ಅಣಬೆಯ ಹಾಗೆ ಹರಡಿಕೊಂಡಿರುತ್ತದೆ. 90ಎ ಸುತ್ತಮುತ್ತಲಿನ ಹೊಸ ಜೋಡಿ ಹಾಕಿ, ಮೈ ಭಾರವಿದ್ದರೆ ಇನ್ನೂ ಸ್ವಲ್ಪ ಗಟ್ಟಿಯದು. ತಿರುಗುವಾಗ ಟ್ರಕ್ ಕಿರ್ ಎನ್ನುತ್ತಿದ್ದರೆ ಟ್ರಕ್ಕಿನ ಮೂತಿ ಕೂರುವ ಪಿವಟ್ ಕಪ್ಪಿಗೆ ಒಂದು ಚೂರು ಒಣ ಸೋಪು ಉಜ್ಜಿ, ಸಾಕು.

ಬೇರಿಂಗ್ ತೊಳೆಯುವುದು

ಒಂದು ಬೋರ್ಡಿಗೆ ಎಂಟು ಬೇರಿಂಗ್, ಎಲ್ಲವೂ 608 ಅಳತೆ: ಒಳಗೆ 8, ಹೊರಗೆ 22, ದಪ್ಪ 7 ಮಿ.ಮೀ. ಆಕ್ಸಲ್ ನಟ್ಟು ಬಿಚ್ಚಿ, ವಾಶರ್‌ಗಳನ್ನು ಬಟ್ಟಲಿಗೆ ಹಾಕಿ. ಚಕ್ರಕ್ಕೆ ಎರಡರಂತೆ ಎಂಟಿರಬೇಕು, ಒಂದಾದರೂ ಉರುಳಿಹೋಗಿ ಮಂಚದಡಿ ಸೇರುವುದು ಮಾಮೂಲಿ. ಚಕ್ರವನ್ನು ಹೊರಗೆಳೆದು, ಆಕ್ಸಲ್ಲಿನ ತುದಿ ಒಂದೇ ಬೇರಿಂಗಿನೊಳಗೆ ಇರುವಂತೆ ಹಿಡಿದು ವಾರೆಯಾಗಿ ತಿರುಚಿದರೆ ಬೇರಿಂಗ್ ಕಳಚಿ ಆಕ್ಸಲ್ಲಿನಲ್ಲೇ ಉಳಿಯುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ.

ರಬ್ಬರ್ ಮುಚ್ಚಳವನ್ನು ಒಳ ಅಂಚಿನಲ್ಲಿ ಸೂಜಿ ತೂರಿಸಿ ಎತ್ತಿ. 90 ಶೇಕಡಾಕ್ಕೆ ಮೇಲಿನ ಐಸೊಪ್ರೊಪೈಲ್ ಆಲ್ಕೊಹಾಲನ್ನು ಗಾಜಿನ ಜಾರಿಗೆ ಬೇರಿಂಗ್ ಮುಳುಗುವಷ್ಟು ಹಾಕಿ, ಮುಚ್ಚಿ, ಮೂರು ನಿಮಿಷ ಕುಲುಕಿ. ಹತ್ತಿರ ಒಲೆ, ದೀಪ ಇರಬಾರದು. ಮೊದಲ ಸಲ ಕಾಫಿ ಡಿಕಾಕ್ಷನ್ ಬಣ್ಣ ಬರುತ್ತದೆ, ಅದನ್ನು ತೆಗೆದು ಹೊಸದು ಹಾಕಿ ಇನ್ನೊಮ್ಮೆ. ಬಟ್ಟೆಯ ಮೇಲೆ ಹರಡಿ ಒಂದು ಗಂಟೆ ಒಣಗಲಿ. ಆಮೇಲೆ ಪ್ರತಿಯೊಂದಕ್ಕೂ ಹೊಲಿಗೆ ಯಂತ್ರದ ಎಣ್ಣೆ ಎರಡೇ ತೊಟ್ಟು. ಜಾಸ್ತಿ ಹಾಕಿದರೆ ಎಣ್ಣೆ ಹೊರಗೆ ಒಸರಿ ಧೂಳನ್ನು ಕರೆಯುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಡಬ್ಲ್ಯೂಡಿ-40 ಹೊಡೆದು ಕೈತೊಳೆದುಕೊಳ್ಳುವವರು ಬಹಳ. ಅದು ಇದ್ದ ಗ್ರೀಸನ್ನೂ ತೊಳೆದುಹಾಕುತ್ತದೆ, ವಾರದೊಳಗೆ ಬೇರಿಂಗ್ ಒಣಗಿ ಕಿರುಚುತ್ತದೆ. ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ, ಚಳಿಗೆ ಹೆಪ್ಪುಗಟ್ಟುತ್ತದೆ. ತೊಳೆದ ಮೇಲೂ ಬೆರಳಲ್ಲಿ ತಿರುಗಿಸಿದಾಗ ಮರಳು ಅರೆದ ಹಾಗೆ ಅನಿಸಿದರೆ ಒಳಗಿನ ಗುಂಡು ಸವೆದಿದೆ, ಎಸೆಯಿರಿ.

ಚಕ್ರ ವಾಪಸು ಹಾಕಿ ನಟ್ಟನ್ನು ಚಕ್ರ ನಿಲ್ಲುವವರೆಗೆ ಬಿಗಿದು, ಕಾಲು ಸುತ್ತು ಹಿಂದಕ್ಕೆ. ಅಲ್ಲಾಡಿಸಿದರೆ ಟಿಕ್ ಎಂದು ಕೂದಲೆಳೆಯಷ್ಟು ಆಟ ಇರಬೇಕು. ನಟ್ಟು ಬರಿಬೆರಳಲ್ಲೇ ತಿರುಗುತ್ತಿದ್ದರೆ ಒಳಗಿನ ನೈಲಾನ್ ಸವೆದಿದೆ, ಹೊಸದು ಹಾಕಿ.

ಮೈಮೇಲೆ ಏನು

ಹೆಲ್ಮೆಟ್ ಮಾತಾಡುವ ವಿಷಯವೇ ಅಲ್ಲ, ಹಾಕಿ. ಮಂಡಿಗೆ ಪ್ಯಾಡ್. ಅಂಗೈ ಕಡೆ ಪ್ಲಾಸ್ಟಿಕ್ ಪಟ್ಟಿ ಇರುವ ಮಣಿಕಟ್ಟು ಕವಚ ಎರಡೂ ಕೈಗೆ. ಆ ಪಟ್ಟಿಯ ಕೆಲಸ ಎರಡು: ಕೈ ಹಿಂದಕ್ಕೆ ಮಡಚದಂತೆ ತಡೆಯುವುದು, ನೆಲದ ಮೇಲೆ ಜಾರುವುದು. ಬರಿ ಅಂಗೈ ಸಿಮೆಂಟಿಗೆ ಅಂಟಿ ನಿಲ್ಲುತ್ತದೆ, ಮೈಯ ಭಾರವೆಲ್ಲ ಮಣಿಕಟ್ಟಿನ ಮೂಳೆಗೆ. ಬೆರಳಿಗೆ ಜೋಮು ಹಿಡಿಯುವಷ್ಟು ಬಿಗಿಯಬೇಡಿ.

ಬಿದ್ದಾಗ ಊದಿಕೊಳ್ಳದಿದ್ದರೂ ಒಂದು ಪರೀಕ್ಷೆ ಮಾಡಿ. ಹೆಬ್ಬೆರಳನ್ನು ಮೇಲಕ್ಕೆತ್ತಿದರೆ ಅದರ ಬುಡದಲ್ಲಿ, ಮಣಿಕಟ್ಟಿನ ಪಕ್ಕ, ಒಂದು ಗುಳಿ ಬೀಳುತ್ತದೆ. ಅಲ್ಲಿ ಒತ್ತಿದರೆ ನೋವಿದ್ದರೆ ಸ್ಕೇಫಾಯ್ಡ್ ಎಂಬ ಸಣ್ಣ ಮೂಳೆ ಬಿರಿದಿರಬಹುದು. ಮೊದಲ ಎಕ್ಸ್‌ರೇಯಲ್ಲಿ ಇದು ಎಷ್ಟೋ ಸಲ ಕಾಣಿಸುವುದೇ ಇಲ್ಲ. ‘ಏನಿಲ್ಲ’ ಎಂದು ಬಂದರೂ ನೋವು ಹೋಗದಿದ್ದರೆ ಹತ್ತು ಹದಿನಾಲ್ಕು ದಿನಕ್ಕೆ ಇನ್ನೊಮ್ಮೆ ತೆಗೆಸಿ. ಈ ಮೂಳೆಗೆ ರಕ್ತ ಓಡಾಟ ಕಡಿಮೆ, ಅಲಕ್ಷ್ಯ ಮಾಡಿದರೆ ಕೂಡಿಕೊಳ್ಳುವುದಿಲ್ಲ.

ಆಲ್ಬಂ ಹಾಕಿ, ಹತ್ತಿ

ಹಾಕುವ ಮುಂಚೆ ಐದು ನಿಮಿಷ ನಡೆಯಿರಿ, ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು 15 ಸಲ, ಅರ್ಧ ಬಸ್ಕಿ 10. ನೆಲ ಒಣಗಿರಬೇಕು. ಒಂದು ಸಲ ನಡೆದೇ ಸುತ್ತಿ ಕಲ್ಲು ಗುಡಿಸಿಬಿಡಿ.

ಮೊದಲರ್ಧ ಹಾಡುಗಳಿಗೆ ಬರೀ ತಳ್ಳುವುದು, ಉರುಳುವುದು, ಕಾಲು ನೆಲಕ್ಕೆ ಉಜ್ಜಿ ನಿಲ್ಲಿಸುವುದು. ‘ಇನ್‌ಸ್ಟಿಟ್ಯೂಷನಲೈಸ್ಡ್’ ಹಾಡು ಬಂದಾಗ ಅದನ್ನೇ ಪಾಠ ಮಾಡಿಕೊಳ್ಳಿ. ಗಾಯಕ ಮೈಕ್ ಮ್ಯೂರ್ ಮಾತಾಡುವ ಹಾಗೆ ಹೇಳುತ್ತಾ ಹೋಗುವಾಗ ಮಂಡಿ ಬಗ್ಗಿಸಿ ಸುಮ್ಮನೆ ಉರುಳಿ. ಬ್ಯಾಂಡ್ ಒಮ್ಮೆಲೇ ಓಟಕ್ಕೆ ಬಿದ್ದಾಗ ತಳ್ಳಿ. ಉಸಿರು ಕೂಡ ತಾನಾಗಿ ಲೆಕ್ಕಕ್ಕೆ ಬರುತ್ತದೆ. ಉಳಿದರ್ಧಕ್ಕೆ ಅಗಲವಾದ ತಿರುವು, ಹಿಂದಿನ ಚಕ್ರದ ಮೇಲೆ ಅರೆ ತಿರುಗುವುದು, ಇಳಿಜಾರಿದ್ದರೆ ಮೊಣಕಾಲೆತ್ತರದ್ದು ಮಾತ್ರ. ಆಲ್ಬಂ ಮುಗಿಯಿತೋ, ಇಳಿಯಿರಿ. ‘ಇನ್ನೊಂದೇ ಒಂದು ಸಲ’ ಎಂಬುದು ಸ್ಕೇಟಿಂಗ್‌ನ ಅತಿ ಕೆಟ್ಟ ಮಾತು. ದಣಿದ ಕಾಲು ಬೋರ್ಡಿನ ನಟ್ಟನಡುವೆ ಬೀಳುವುದಿಲ್ಲ.

ಗಿಟಾರ್ ಯಾವಾಗ

ರಿಹರ್ಸಲ್ ದಿನ ಸ್ಕೇಟಿಂಗ್ ಇಟ್ಟುಕೊಳ್ಳದಿರುವುದೇ ಒಳ್ಳೆಯದು. ಶೋಗೆ ಹಿಂದಿನ ಮೂರು ದಿನವೂ ಬೇಡ. ಸ್ಕೇಟಿಂಗ್ ಮರುದಿನ ಡೌನ್‌ಸ್ಟ್ರೋಕ್ ಅಭ್ಯಾಸವನ್ನು ತಾಳ ಹಾಕುವ ಮೆಟ್ರೊನೋಮ್ 120 ಬಿಪಿಎಂಗಿಟ್ಟು ಶುರುಮಾಡಿ, ಎರಡೆರಡು ನಿಮಿಷಕ್ಕೆ 4 ಏರಿಸಿ. ಮುಂಗೈ ಕಲ್ಲಾಗುತ್ತಿದೆ ಅನಿಸಿದ ವೇಗದಲ್ಲಿ ನಿಲ್ಲಿಸಿ 8 ಇಳಿಸಿ. ವೇಗ ಬರುವುದು ಸಣ್ಣ ಚಲನೆಯಿಂದ. ಪಿಕ್ಕಿನ ತುದಿ ಎರಡು ಮೂರು ಮಿ.ಮೀ. ಮಾತ್ರ ಹೊರಗಿದ್ದರೆ ತಂತಿಗೆ ಸಿಕ್ಕಿಹಾಕಿಕೊಳ್ಳುವುದಿಲ್ಲ. ಗಿಟಾರನ್ನು ತೊಡೆಯವರೆಗೆ ಇಳಿಬಿಡುವ ಶೋಕಿಗೆ ಎಡ ಮಣಿಕಟ್ಟು ಪೂರ್ತಿ ಮಡಚಬೇಕಾಗುತ್ತದೆ. ಗಿಟಾರಿನ ಹೆಗಲ ಪಟ್ಟಿಯನ್ನು ನಾಲ್ಕು ಇಂಚು ಏರಿಸಿ. ಹುಡುಗರು ನಕ್ಕರೆ ನಗಲಿ.

ಕಿವಿಗೂ ಇದೇ ಲೆಕ್ಕ. ಕೆಲಸದ ಜಾಗದ ಆರೋಗ್ಯ ನೋಡುವ ಅಮೆರಿಕದ ನಯೋಶ್ ಸಂಸ್ಥೆಯ ಮಿತಿ 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ. ಪ್ರತಿ 3 ಡೆಸಿಬೆಲ್ ಏರಿದರೆ ಹೊತ್ತು ಅರ್ಧಕ್ಕಿಳಿಯುತ್ತದೆ. 100ಕ್ಕೆ ಬರುವಷ್ಟರಲ್ಲಿ ಉಳಿಯುವುದು 15 ನಿಮಿಷ. ಡ್ರಮ್ಸ್ ಇರುವ ಸಣ್ಣ ಕೋಣೆ 100 ದಾಟಲು ಏನೂ ಕಷ್ಟವಿಲ್ಲ. ಫೋಮ್ ಪ್ಲಗ್ಗು ತಾರಸ್ವರವನ್ನೇ ಹೆಚ್ಚು ನುಂಗುತ್ತದೆ, ಸಿಂಬಲ್ ಕೇಳಿಸದೆ ಎಲ್ಲರೂ ಆಂಪ್ಲಿಫೈಯರ್ ಏರಿಸುತ್ತಾರೆ. ಎಲ್ಲ ಸ್ವರವನ್ನೂ ಸಮವಾಗಿ 15 ಡೆಸಿಬೆಲ್ ತಗ್ಗಿಸುವ ಸಂಗೀತಗಾರರ ಪ್ಲಗ್ಗು ಬೇರೆ ಸಿಗುತ್ತದೆ, ಅದನ್ನೇ ಕೊಳ್ಳಿ. ಕೀಲಿಗೊಂಚಲಿಗೆ ಡಬ್ಬಿ ಸಿಕ್ಕಿಸಿಟ್ಟರೆ ಮರೆತುಹೋಗುವುದಿಲ್ಲ.

ಬೋರ್ಡ್ ಮನೆಗೆ ಬಂದ ಮೇಲೆ ಒದ್ದೆಯಾಗಿದ್ದರೆ ಒರೆಸಿ, ಚಕ್ರ ಮೇಲಾಗಿ ತಿರುಗಿಸಿಡಿ. ನಾಲ್ಕನ್ನೂ ಒಂದೊಂದು ಸಲ ಬೆರಳಲ್ಲಿ ತಿರುಗಿಸಿ. ಒಂದು ಮಾತ್ರ ಬೇಗ ನಿಂತರೆ ಆ ಚಕ್ರಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಮುಂದಿನ ಸಲ ಹೊರಡುವ ಮೊದಲು ಅದರ ಎರಡು ಬೇರಿಂಗ್ ತೊಳೆದರಾಯಿತು.