ತೇಪೆಯ ಪಕ್ಕದಲ್ಲೇ ತುಕ್ಕು

ಕರಾವಳಿಯ ಹಳೇ ಸೇತುವೆಗಳ ತಪಾಸಣೆಗೆ ಹೋದರೆ ನಾನು ಮೊದಲು ಹುಡುಕುವುದು ಹಳೇ ತೇಪೆಗಳನ್ನು. ಕುಂದಾಪುರದ ಕಡೆ ಹಿನ್ನೀರಿನ ಮೇಲಿನ ಒಂದು ಸಣ್ಣ ಸೇತುವೆ. ತೊಲೆಯ ಅಡಿಯಲ್ಲಿ ಹಿಂದೆ ಹಾಕಿದ್ದ ತೇಪೆ ಗಟ್ಟಿಯಾಗೇ ಇತ್ತು. ಅದರ ಅಂಚಿನಾಚೆ ಮಾತ್ರ ಕಾಂಕ್ರೀಟ್ ಬಿರಿದು, ತುಕ್ಕಿನ ನೀರು ಇಳಿದು ಕಲೆಯಾಗಿತ್ತು.

"ರಿಪೇರಿ ಮಾಡಿದ್ದು ಚೆನ್ನಾಗಿದೆ, ಪಕ್ಕದ್ದು ಯಾಕೆ ಹೋಯ್ತು ಸರ್?" ಎಂದು ಜೊತೆಗಿದ್ದ ಹುಡುಗ ಕೇಳಿದ. ಕೇಳಲೇಬೇಕಾದ ಪ್ರಶ್ನೆ.

ಒಳ್ಳೆ ಕಾಂಕ್ರೀಟಿನ ಕ್ಷಾರದಲ್ಲಿ ಕಂಬಿಯ ಮೇಲೆ ತೆಳು ಪೊರೆ ಕಟ್ಟಿ, ತುಕ್ಕು ತಡೆಯುತ್ತದೆ. ಉಪ್ಪಿನ ಕ್ಲೋರೈಡ್ ಆ ಪೊರೆಯನ್ನು ಒಡೆಯುತ್ತದೆ. ಆಗ ತುಕ್ಕು ಹಿಡಿಯುವ ಜಾಗ ತಾನು ಕರಗುತ್ತಾ ಅಕ್ಕಪಕ್ಕದ ಕಂಬಿಯನ್ನು ಕಾಪಾಡುತ್ತಿರುತ್ತದೆ. ಅಲ್ಲಿ ಹೊಸ ಗಾರೆ ಹಾಕಿದರೆ ಆ ಜಾಗ ಕರಗುವುದು ನಿಲ್ಲುತ್ತದೆ. ಪಕ್ಕದಲ್ಲೂ ಉಪ್ಪು ಸೇರಿರುತ್ತದಲ್ವಾ? ಕಾಪಾಡುವವರಿಲ್ಲದೆ ಅಲ್ಲಿನ ಕಂಬಿ ಕರಗಲು ಶುರುವಾಗುತ್ತದೆ.

ಹಾಗಾಗಿ ಒಡೆಯುವ ಮೊದಲು ಅಳೆದೆವು. ಸುತ್ತಿಗೆಯಿಂದ ತಟ್ಟಿ, ಟೊಳ್ಳು ಸದ್ದು ಬಂದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿದೆವು. ಕೆತ್ತಿದ ಜಾಗಕ್ಕೆ, ಕ್ಷಾರ ತಗುಲಿದರೆ ಬಣ್ಣ ತಿರುಗುವ ಫಿನಾಲ್ಫ್ಥಲೀನ್ ಸಿಂಪಡಿಸಿದರೆ ಕಂಬಿಯ ಸುತ್ತ ಕಡು ಗುಲಾಬಿ. ಅಂದರೆ ಕ್ಷಾರ ಇನ್ನೂ ಇದೆ, ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಹೊಕ್ಕು ಕ್ಷಾರ ಇಳಿಸುವ ಕಾರ್ಬೊನೇಷನ್ ಕಂಬಿ ಮುಟ್ಟಿಲ್ಲ. ಅನುಮಾನ ಉಪ್ಪಿನ ಮೇಲೆ. ಕೊರೆದ ಪುಡಿಯನ್ನು ಆಳವಾರು ಬೇರೆ ಬೇರೆ ಕಟ್ಟಿ ಲ್ಯಾಬಿಗೆ ಕಳಿಸಿದಾಗ ಅದೇ ಖಚಿತವಾಯಿತು.

ಆಮೇಲೆ ಹಾಫ್ ಸೆಲ್, ಅಂದರೆ ಕಂಬಿಯ ವೋಲ್ಟೇಜ್ ಅಳೆದು ಒಳಗಿನ ತುಕ್ಕನ್ನು ಅಂದಾಜಿಸುವ ಸಾಧನ. ಮೈಲುತುತ್ತದ ನೀಲಿ ದ್ರಾವಣದಲ್ಲಿ ತಾಮ್ರದ ಕಡ್ಡಿ, ತುದಿಗೆ ಒದ್ದೆ ಸ್ಪಂಜು. ಕಂಬಿಗೊಂದು ವೈರ್ ಕಟ್ಟಿ, ತೊಲೆಯನ್ನು ನೆನೆಸಿ, ಚೌಕಳಿ ಗೆರೆ ಎಳೆದು ಒಂದೊಂದೇ ಬಿಂದುವಿನಲ್ಲಿ ಒತ್ತಿ ನೋಡಿದೆವು. ರೀಡಿಂಗ್ ಮೈನಸ್ 350 ಮಿಲಿವೋಲ್ಟ್ ದಾಟಿ ಇನ್ನೂ ಕೆಳಗಿಳಿದರೆ ತುಕ್ಕು ನಡೆಯುತ್ತಿರುವ ಸಾಧ್ಯತೆ ಶೇ 90ಕ್ಕಿಂತ ಜಾಸ್ತಿ. ಬಿರುಕೇ ಕಾಣದ ಕಡೆಯೂ, ತೇಪೆಯಿಂದ ಒಂದು ಮೊಳ ಆಚೆಗೂ, ರೀಡಿಂಗ್ ಅದನ್ನು ದಾಟಿತ್ತು. ಕಣ್ಣಳತೆಯಲ್ಲಿ ಹೋಗಿದ್ದರೆ ಅಷ್ಟೂ ಜಾಗ ಬಿಟ್ಟುಹೋಗುತ್ತಿತ್ತು. ಸದಾ ನೀರಲ್ಲೇ ಮುಳುಗಿರುವ ಭಾಗಕ್ಕೆ ಮಾತ್ರ ಈ ಲೆಕ್ಕ ಹಾಕಬೇಡಿ. ಆಮ್ಲಜನಕ ಸಿಗದ ಕಡೆ ತುಕ್ಕು ಇಲ್ಲದೆಯೂ ಮೈನಸ್ ಜಾಸ್ತಿ ತೋರಿಸುತ್ತದೆ.

ಒಡೆಯುವ ಜಾಗ ದೊಡ್ಡದಾಯಿತು ಎಂದು ಗುತ್ತಿಗೆದಾರರು ಗೊಣಗಿದರು. ರೀಡಿಂಗಿನ ನಕ್ಷೆ ಮುಂದಿಟ್ಟೆ, ಒಪ್ಪಿದರು. ಕಂಬಿಯ ಹಿಂದೆ ಬೆರಳು ತೂರುವಷ್ಟು ಕೆತ್ತಿಸಿ, ತುಕ್ಕು ಉಜ್ಜಿಸಿ, ಸಿಹಿನೀರಲ್ಲೇ ತೊಳೆಸಿದೆ. ತೇಪೆಯ ಅಂಚಿನುದ್ದಕ್ಕೂ ಕಂಬಿಗೆ ಸತುವಿನ ಆನೋಡ್, ಅಂದರೆ ತಾನು ಕರಗಿ ಕಂಬಿಯನ್ನು ಉಳಿಸುವ ತುಂಡು, ಕಟ್ಟಿಸಿದೆ. ಇನ್ನು ಕಂಬಿಯ ಬದಲು ಸತು ಕರಗುತ್ತದೆ.

ಮಳೆಗಾಲ ಮುಗಿದ ಮೇಲೆ ಅದೇ ಬಿಂದುಗಳಲ್ಲಿ ಮತ್ತೆ ಅಳೆಯುತ್ತೇವೆ. ಆನೋಡ್ ಹತ್ತಿರದ ರೀಡಿಂಗನ್ನು ಹಳೇ ಲೆಕ್ಕದಲ್ಲಿ ಓದಬಾರದು. ಸತುವಿನಿಂದಾಗಿಯೇ ಅದು ಇನ್ನಷ್ಟು ಮೈನಸ್ ಕಡೆಗೆ ಇಳಿದಿರುತ್ತದೆ.