ಹಳೇ ಲಾರಿ ಐಡ್ಲಿಂಗ್‌ನಲ್ಲಿ ಆಗಾಗ ನಡುಗುತ್ತದೆಯೇ? ಪಂಪು ಬಿಚ್ಚುವ ಮೊದಲು ಇಷ್ಟು ನೋಡಿ

ಬೆಳಿಗ್ಗೆ ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವುದು) ಚೆನ್ನಾಗಿಯೇ ಇರುತ್ತದೆ. ಮಧ್ಯಾಹ್ನ ಟೋಲ್ ಸಾಲಿನಲ್ಲಿ ನ್ಯೂಟ್ರಲ್‌ಗೆ ಹಾಕಿದ ಕೂಡಲೇ ಕ್ಯಾಬಿನ್ ಗಡಗಡ ಅನ್ನುತ್ತದೆ, ಒಂದೆರಡು ನಿಮಿಷಕ್ಕೆ ತಾನಾಗಿಯೇ ಸರಿಹೋಗುತ್ತದೆ. ಗ್ಯಾರೇಜಿಗೆ ಒಯ್ದರೆ ಅಲ್ಲಿ ಏನೂ ಆಗದ ಹಾಗೆ ನಿಂತಿರುತ್ತದೆ. ಆಗ ಸಾಮಾನ್ಯವಾಗಿ ಆಗುವುದು ಎರಡೇ: ಐಡ್ಲಿಂಗ್ ಸ್ಕ್ರೂ ಅರ್ಧ ಸುತ್ತು ಏರಿಸಿ ಕಳಿಸುತ್ತಾರೆ, ಇಲ್ಲವೇ ಡೀಸೆಲ್ ಪಂಪು ಬಿಚ್ಚಿ ಟೆಸ್ಟ್ ಬೆಂಚಿಗೆ ಕಳಿಸುತ್ತಾರೆ. ಮೊದಲನೆಯದು ರೋಗ ಮುಚ್ಚಿಡುತ್ತದೆ, ಎರಡನೆಯದು ದುಡ್ಡು ತಿನ್ನುತ್ತದೆ.

ಸವೆದ ನಾಜಲ್ (ಸಿಲಿಂಡರಿನೊಳಗೆ ಡೀಸೆಲ್ ಸಿಂಪಡಿಸುವ ಮೂತಿ) ದಿನವೂ ಸವೆದೇ ಇರುತ್ತದೆ. ಬಂದು ಹೋಗುವ ತೊಂದರೆಗೆ ಕಾರಣವೂ ಬಂದು ಹೋಗುವಂಥದ್ದೇ ಇರಬೇಕು: ಡೀಸೆಲ್ ಜೊತೆ ಸೇರುವ ಗಾಳಿ, ಟ್ಯಾಂಕಿನಲ್ಲಿ ತೇಲಾಡುವ ಕಸ, ಸರಿಯಾಗಿ ವಾಪಸ್ ಬರದ ಕೇಬಲ್. ಹುಡುಕಾಟ ಅಲ್ಲಿಂದಲೇ ಶುರುವಾಗಲಿ.

ಇಲ್ಲಿ ಹೇಳುವುದೆಲ್ಲ ಇನ್‌ಲೈನ್ ಪಂಪಿನ (ಪ್ರತಿ ಸಿಲಿಂಡರಿಗೂ ಡೀಸೆಲ್ ತಳ್ಳುವ ಪ್ಲಂಜರ್ ಎಂಬ ಕಡ್ಡಿಗಳು ಸಾಲಾಗಿರುವ ಪಂಪು) ಹಳೇ ಗಾಡಿಗಳಿಗೆ. ಅಂದರೆ ಟಾಟಾ 697 ಇಂಜಿನಿನ 1210, 1613 ಮುಂತಾದವು, ಇನ್‌ಲೈನ್ ಪಂಪ್ ಇರುವ ಹಳೇ 407. ಬೆಂಗಳೂರಿನ ಆಡುಗೋಡಿಯ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡರೂ ಗ್ಯಾರೇಜುಗಳಲ್ಲಿ ಇಂದಿಗೂ ಇದು ‘ಮೈಕೋ ಪಂಪ್’. ಕಾಮನ್ ರೈಲ್ ಗಾಡಿಯಲ್ಲಿ (ಎಲ್ಲ ನಾಜಲ್ಲಿಗೂ ಒಂದೇ ಪೈಪಿನಿಂದ ಭಾರೀ ಒತ್ತಡದ ಡೀಸೆಲ್ ಹೋಗುವ ಹೊಸ ಬಗೆ) ಇದನ್ನು ಮಾಡಲೇಬೇಡಿ. ಅದರ ಪೈಪಿನ ಒತ್ತಡ ಸಾವಿರ ಬಾರ್ ದಾಟುತ್ತದೆ, ಇಂಜಿನ್ ಓಡುವಾಗ ನಟ್ ಸಡಿಲಿಸಿದರೆ ಜೀವಕ್ಕೇ ಅಪಾಯ.

ಮೊದಲು ಕಿವಿಗೊಟ್ಟು ಕೇಳಿ. ಇಂಜಿನ್ ಉಸಿರಾಡಿದ ಹಾಗೆ ಒಂದೇ ಲಯದಲ್ಲಿ ಏರಿ ಇಳಿದರೆ ಅದು ಹಂಟಿಂಗ್: ಗಾಳಿ ಸೇರಿದಾಗಲೂ ಬರುತ್ತದೆ, ಗವರ್ನರ್ (ಇಂಜಿನ್ ವೇಗ ಹಿಡಿತದಲ್ಲಿಡುವ ಭಾಗ) ಅಥವಾ ಡೀಸೆಲ್ ಅಳತೆ ಬದಲಿಸುವ ಪಂಪಿನ ರ‍್ಯಾಕ್ ಬಿಗಿಯಾದಾಗಲೂ ಬರುತ್ತದೆ. ನಡುವೆ ಒಂದೊಂದು ಪೆಟ್ಟು ತಪ್ಪಿದರೆ ಮಿಸ್ಸಿಂಗ್. ಆಗ ಸೈಲೆನ್ಸರ್‌ನಲ್ಲಿ ಹಸಿ ಡೀಸೆಲ್ ವಾಸನೆಯ ಬಿಳಿ ಹೊಗೆ ಕಂಡರೆ, ಡೀಸೆಲ್ ಒಳಗೆ ಹೋಗಿದೆ, ಉರಿದಿಲ್ಲ. ಸದ್ದು ಸಮನಾಗಿದ್ದೂ ಕ್ಯಾಬಿನ್ ಮಾತ್ರ ಅಲುಗಿದರೆ ಇಂಜಿನ್ ಮೌಂಟಿಂಗ್ ರಬ್ಬರ್ ನೋಡಿ, ಡೀಸೆಲ್ ಲೈನ್ ಮುಟ್ಟುವ ಕೆಲಸವೇ ಇಲ್ಲ.

ಡ್ರೈವರ್‌ಗೆ ಒಂದು ವಾರ ಮೂರು ಸಂಗತಿ ಬರೆದಿಡಲು ಹೇಳಿ: ನಡುಗಿದಾಗ ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿತ್ತು, ಇಂಜಿನ್ ಬಿಸಿಯೋ ತಣ್ಣಗೋ, ಏರ್ ಗೇಜ್ ಮುಳ್ಳು ಎಲ್ಲಿತ್ತು. ಕೊನೆಯದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಕಂಪ್ರೆಸರ್ ಗಾಳಿ ತುಂಬುವಾಗ ಇಂಜಿನ್ ಸ್ವಲ್ಪ ಭಾರವಾಗುತ್ತದೆ; ಒತ್ತಡ ತುಂಬಿ ‘ಪಿಸ್’ ಎಂದು ಬಿಟ್ಟ ಮೇಲೆ ಹಗುರಾಗುತ್ತದೆ. ನಡುಕ ಆ ಸದ್ದಿನೊಂದಿಗೇ ನಿಲ್ಲುವುದಾದರೆ ಬ್ರೇಕಿನ ಗಾಳಿ ಎಲ್ಲೋ ಸೋರಿ ಕಂಪ್ರೆಸರ್ ಪದೇಪದೇ ದುಡಿಯುತ್ತಿದೆ ಎಂದು ಲೆಕ್ಕ.

ಇನ್ನು ಎರಡು ನಿಮಿಷದ ಕೆಲಸ. ಡ್ಯಾಶ್‌ಬೋರ್ಡಿನ ಸ್ಟಾಪ್ ಕೇಬಲ್ ಎಳೆದು ಬಿಡಿ, ಪಂಪಿನ ಮೇಲಿನ ಸ್ಟಾಪ್ ಲಿವರ್ ಪೂರ್ತಿ ವಾಪಸ್ ಬಂತೇ ನೋಡಿ. ಕೇಬಲ್ ತುಕ್ಕು ಹಿಡಿದು ಸ್ವಲ್ಪವೇ ಉಳಿದರೂ ಐಡ್ಲಿಂಗ್‌ನಲ್ಲಿ ಡೀಸೆಲ್ ಕಡಿತವಾಗುತ್ತದೆ, ಆಕ್ಸಿಲರೇಟರ್ ಕೊಟ್ಟಾಗ ಗೊತ್ತೇ ಆಗುವುದಿಲ್ಲ. ಇಂಜಿನ್ ನಡುಗುತ್ತಿರುವಾಗ ಆಕ್ಸಿಲರೇಟರ್ ಲಿವರನ್ನೂ ಕೈಯಿಂದ ಐಡ್ಲಿಂಗ್ ಸ್ಕ್ರೂಗೆ ಒತ್ತಿ ಹಿಡಿಯಿರಿ. ನಿಂತರೆ ಲಿಂಕೇಜಿನ ಬುಷ್ ಅಥವಾ ಸ್ಪ್ರಿಂಗ್ ಹೋಗಿದೆ.

ಮುಂದಿನದು ನಿಜವಾದ ಪರೀಕ್ಷೆ, ಇದಕ್ಕೆ ಸಮಯ ಕೊಡಿ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ (ಡೀಸೆಲ್ ಎಳೆದು ಫಿಲ್ಟರ್ ಮೂಲಕ ದೊಡ್ಡ ಪಂಪಿಗೆ ಕಳಿಸುವ ಚಿಕ್ಕ ಪಂಪು) ಲೈನಿನಲ್ಲಿ ಡೀಸೆಲ್ ಎಳೆತದಿಂದ ಬರುತ್ತದೆ. ಅಲ್ಲಿ ತೂತಿದ್ದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹಾಗಾಗಿ ಲೈನ್ ಒಣಗಿ ಸ್ವಚ್ಛವಾಗಿರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಫೀಡ್ ಪಂಪಿನ ಆಚೆ ಲೀಕ್ ಇದ್ದರೆ ಡೀಸೆಲ್ ಒಸರಿ, ಧೂಳು ಹಿಡಿದು ತೋರಿಸಿಕೊಡುತ್ತದೆ. ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗಿಳಿದಾಗ ಮಾತ್ರ ನಡುಕ ಬಂದರೆ ಎಳೆತದ ಭಾಗದ ಮೇಲೇ ಅನುಮಾನ ಇಡಿ, ಆಗ ಎಳೆತ ಹೆಚ್ಚಾಗಿರುತ್ತದೆ.

ಬೇಕಾಗುವುದು ಚೊಕ್ಕ ಡೀಸೆಲ್ ತುಂಬಿದ 5 ಲೀಟರ್ ಕ್ಯಾನು, ಸುಮಾರು 2 ಮೀಟರಿನ ಎರಡು ಪಾರದರ್ಶಕ ಪೈಪು, ಕ್ಲಿಪ್ಪುಗಳು. ಫೀಡ್ ಪಂಪಿಗೆ ಬರುವ ಟ್ಯಾಂಕ್ ಪೈಪ್ ಬಿಚ್ಚಿ, ಮೂತಿ ಮುಚ್ಚಿ, ಅದರ ಜಾಗಕ್ಕೆ ಕ್ಯಾನಿನ ಪೈಪ್ ಕೊಡಿ. ರಿಟರ್ನ್ ಪೈಪನ್ನೂ ಕ್ಯಾನಿಗೇ ಬಿಡಿ, ಇಲ್ಲದಿದ್ದರೆ ಡೀಸೆಲ್ಲೆಲ್ಲ ಟ್ಯಾಂಕಿಗೆ ಹೋಗಿ ಕ್ಯಾನು ಬೇಗ ಖಾಲಿಯಾಗುತ್ತದೆ. ಎರಡು ತುದಿಗಳೂ ಡೀಸೆಲ್ಲಿನೊಳಗೆ ಮುಳುಗಿರಲಿ, ಆದರೆ ಒಂದಕ್ಕೊಂದು ದೂರವಿರಲಿ. ಗಾಳಿ ತೆಗೆದು (ಹೇಗೆಂದು ಮುಂದೆ ಇದೆ) ಸ್ಟಾರ್ಟ್ ಮಾಡಿ.

ಕ್ಯಾನನ್ನು ಮೊದಲು ನೆಲದ ಮೇಲೆ ಇಡಿ, ಎತ್ತರಕ್ಕೆ ತೂಗುಹಾಕಬೇಡಿ. ಬಹಳ ಮಂದಿ ಎಡವುವುದು ಇಲ್ಲೇ. ನೆಲದ ಮೇಲಿದ್ದಾಗ ಎಳೆತ ಹಾಗೇ ಇರುತ್ತದೆ. ನಡುಕ ಹೋದರೆ ತಪ್ಪು ಟ್ಯಾಂಕ್ ಕಡೆಯದು. ನಡುಕ ಉಳಿದು, ಕ್ಯಾನನ್ನು ಪಂಪಿಗಿಂತ ಮೇಲೆ ಎತ್ತಿದ ಮೇಲೆ ಹೋದರೆ ಗಾಳಿ ಸೇರುತ್ತಿರುವುದು ಫೀಡ್ ಪಂಪಿನಲ್ಲೇ: ಜಾಲರಿ ಬಟ್ಟಲಿನ ವಾಷರ್, ಹ್ಯಾಂಡ್ ಪಂಪಿನ ಸೀಲು, ಬಾಂಜೋ ಬೋಲ್ಟಿನ (ಪೈಪ್ ಜೋಡಿಸುವ ಟೊಳ್ಳು ಬೋಲ್ಟ್) ತಾಮ್ರದ ವಾಷರ್. ಕ್ಯಾನು ಮೇಲಿದ್ದಾಗ ಡೀಸೆಲ್ ಆ ಜಾಗದಲ್ಲೇ ಹನಿಯುವ ಸಾಧ್ಯತೆ ಹೆಚ್ಚು, ಬೆರಳಿಟ್ಟು ತೋರಿಸಿದ ಹಾಗೆ. ಎತ್ತರದಲ್ಲೂ ನಡುಗಿದರೆ ಫಿಲ್ಟರು, ಪಂಪು, ನಾಜಲ್ ಕಡೆಗೆ ಹೋಗಿ. ತೊಂದರೆ ಸದಾ ಇರುವುದಿಲ್ಲವಾದ್ದರಿಂದ ಪ್ರತಿ ಹಂತಕ್ಕೆ 20 ನಿಮಿಷವಾದರೂ ಕೊಡಿ. ಪೈಪಿನಲ್ಲಿ ಗುಳ್ಳೆ ಬರುತ್ತದೆಯೇ ನೋಡುತ್ತಿರಿ. ಸೈಲೆನ್ಸರ್ ಪೈಪಿನಿಂದ ಕ್ಯಾನು ದೂರವಿರಲಿ, ಬೀಡಿ ಅದಕ್ಕಿಂತ ದೂರವಿರಲಿ.

ಟ್ಯಾಂಕ್ ಕಡೆಯೇ ಎಂದಾದರೆ ಮೊದಲು ಮುಚ್ಚಳ. ಅದರ ಗಾಳಿ ತೂತು ಧೂಳಿನಿಂದ ಮುಚ್ಚಿದರೆ ಟ್ಯಾಂಕಿನಲ್ಲಿ ಎಳೆತ ಕಟ್ಟುತ್ತದೆ. ಗಾಡಿ ನಡುಗುವಾಗ ಮುಚ್ಚಳ ತೆಗೆದರೆ ಸುಯ್ ಎಂದು ಗಾಳಿ ಎಳೆದುಕೊಳ್ಳುತ್ತದೆ. ನಂತರ ಎಳೆಯುವ ಪೈಪ್. ಇದು ಮೇಲ್ಭಾಗದಲ್ಲಿ, ಬೆಸುಗೆ ಹತ್ತಿರ, ಕೂದಲೆಳೆಯಷ್ಟು ಸೀಳುತ್ತದೆ. ಕೆಳಗಿನ ಜಾಲರಿಗೆ ಬಟ್ಟೆ ನಾರು, ಕಪ್ಪು ಲೋಳೆ ಅಂಟಿಕೊಂಡರೆ ಇಂಜಿನ್ ಸೊರಗುತ್ತದೆ. ಆಫ್ ಮಾಡಿದಾಗ ಎಳೆತ ನಿಂತು ಕಸ ಕಳಚಿ ಬೀಳುತ್ತದೆ, ಮತ್ತೆ ಸ್ಟಾರ್ಟ್ ಮಾಡಿದರೆ ಎಲ್ಲ ಸರಿ. ‘ಸ್ವಲ್ಪ ಹೊತ್ತು ನಿಲ್ಲಿಸಿದರೆ ಸರಿಹೋಗುತ್ತೆ ಸಾರ್’ ಎಂದು ಡ್ರೈವರ್ ಹೇಳಿದರೆ ಇದನ್ನೇ ನೆನಪಿಸಿಕೊಳ್ಳಿ. ಡ್ರೈನ್ ಬಿಚ್ಚಿ ತಳದ ನೀರು, ಕೆಸರು ಇಳಿಸಿ. ಬಿಸಿಯಲ್ಲಿ ಮೆತ್ತಗಾಗುವ ಹಳೇ ರಬ್ಬರ್ ಪೈಪ್ ಪರೀಕ್ಷೆ ಮಾಡುತ್ತಾ ಕೂರಬೇಡಿ, ಬದಲಿಸಿ. ಟ್ಯಾಂಕ್ ಲೀಕಿಗೆ ಸೋಪು ಒತ್ತುವ ಹಾಗೆ ಈ ಲೈನಿಗೆ ಒತ್ತಲೂಬೇಡಿ. ಒಳಗೆ ಎಳೆದುಕೊಂಡು ಜಾಲರಿಗೆ ಮೆತ್ತುತ್ತದೆ.

ತಾಮ್ರದ ವಾಷರ್ ಹೊಸದು ಸಿಗದಿದ್ದರೆ ಹಳೆಯದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆದುವಾಗುತ್ತದೆ.

ಗಾಳಿ ತೆಗೆಯಲು ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಹ್ಯಾಂಡ್ ಪಂಪಿನ ಗುಬ್ಬಿ ತಿರುಗಿಸಿ ಬಿಡಿಸಿಕೊಂಡು, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಹೊಡೆಯಿರಿ. ಡೀಸೆಲ್ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ. ಪಂಪಿನ ಸ್ಕ್ರೂಗೂ ಹಾಗೇ ಮಾಡಿ. ಗುಬ್ಬಿಯನ್ನು ವಾಪಸ್ ಬಿಗಿ ಮಾಡಲು ಮರೆತರೆ ಗಾಳಿಗೆ ಹೊಸ ದಾರಿ ಮಾಡಿಕೊಟ್ಟಂತೆ.

ಫಿಲ್ಟರ್ ಎರಡೂ ಬದಲಿಸಿದ ಮೇಲೂ ನಡುಕ ಉಳಿದರೆ ಓವರ್‌ಫ್ಲೋ ವಾಲ್ವ್ ನೋಡಿ. ಅದರ ಸ್ಪ್ರಿಂಗ್ ಸೋತರೆ ಪಂಪಿನ ಗ್ಯಾಲರಿಯಲ್ಲಿ (ಡೀಸೆಲ್ ತುಂಬಿ ನಿಲ್ಲುವ ಒಳಜಾಗ) ಒತ್ತಡ ನಿಲ್ಲದೆ ಡೀಸೆಲ್ ರಿಟರ್ನ್‌ಗೆ ಓಡುತ್ತದೆ, ಪ್ಲಂಜರ್‌ಗಳಿಗೆ ಹೊಟ್ಟೆ ತುಂಬುವುದಿಲ್ಲ.

ಮಿಸ್ಸಿಂಗ್ ಇದ್ದರೆ ಯಾವ ಸಿಲಿಂಡರ್ ಎಂದು ಹಿಡಿಯಿರಿ. ಐಡ್ಲಿಂಗ್‌ನಲ್ಲಿ ನಾಜಲ್ ಮೇಲಿನ ಪೈಪ್ ನಟ್ಟಿಗೆ ಬನಿಯನ್ ವೇಸ್ಟ್ ಸುತ್ತಿ, 17ರ ಸ್ಪ್ಯಾನರ್‌ನಲ್ಲಿ ಅರ್ಧ ಸುತ್ತು ಸಡಿಲಿಸಿ, ಮತ್ತೆ ಬಿಗಿ ಮಾಡಿ, ಒಂದೊಂದಾಗಿ. ಸದ್ದು ಕೆಟ್ಟರೆ ಆ ಸಿಲಿಂಡರ್ ದುಡಿಯುತ್ತಿತ್ತು. ಬದಲಾಗದಿದ್ದರೆ ಅದೇ ಸೋಮಾರಿ. ಕನ್ನಡಕ ಹಾಕಿಕೊಳ್ಳಿ. ಲೀಕ್ ಹುಡುಕಲು ಬೆರಳು ಇಡಬೇಡಿ, ರಟ್ಟಿನ ತುಂಡು ಹಿಡಿಯಿರಿ. ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗಿಳಿಯುತ್ತದೆ. ಹಾಗಾದರೆ ನೋವಿಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಸೋಮಾರಿ ಸಿಲಿಂಡರಿನ ನಾಜಲನ್ನು ಪಕ್ಕದ್ದಕ್ಕೆ ಅದಲು ಬದಲು ಮಾಡಿ. ಮಿಸ್ಸಿಂಗ್ ನಾಜಲ್ ಜೊತೆ ಹೋದರೆ ಎಲ್ಲ ನಾಜಲ್ಲನ್ನೂ (697ರಲ್ಲಿ ಆರು) ಪರೀಕ್ಷೆಗೆ ಕೊಡಿ. 697ಕ್ಕೆ ತೆರೆಯುವ ಒತ್ತಡ ಸುಮಾರು 200 ಬಾರ್, ಆರೂ ಹತ್ತಿರ ಹತ್ತಿರ ಇರಬೇಕು. ಕೂರಿಸುವಾಗ ಹಳೇ ವಾಷರ್ ತಳದಲ್ಲಿ ಉಳಿದಿಲ್ಲವೇ ಎಂದು ಟಾರ್ಚ್ ಬಿಟ್ಟು ನೋಡಿ, ಒಂದರ ಮೇಲೊಂದು ಕೂತರೆ ನಾಜಲ್ ಎತ್ತರವೇ ತಪ್ಪುತ್ತದೆ. ಮಿಸ್ಸಿಂಗ್ ಅಲ್ಲೇ ಉಳಿದರೆ ಟ್ಯಾಪೆಟ್ ಗ್ಯಾಪ್ (ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಸಂದು) ನೋಡಿ: ತಣ್ಣಗಿರುವಾಗ ಇನ್‌ಲೆಟ್ 0.20, ಎಕ್ಸಾಸ್ಟ್ 0.30 ಮಿ.ಮೀ. ನಿಮ್ಮ ಇಂಜಿನಿನ ಪುಸ್ತಕದಲ್ಲಿ ಬೇರೆ ಇದ್ದರೆ ಅದೇ ಸರಿ. ಆಮೇಲೆ ಕಂಪ್ರೆಶನ್, ಒಂದು ಸಿಲಿಂಡರ್ ಉಳಿದವಕ್ಕಿಂತ 4 ಬಾರ್ ಕಡಿಮೆ ಇದ್ದರೆ ಹೆಡ್ ಅಥವಾ ಪಿಸ್ಟನ್ ರಿಂಗ್ ಕೆಲಸ ಬಂದಿದೆ.

ಬಿಸಿಯಲ್ಲಿ ಮಾತ್ರ ನಡುಗಿ, ಬಿಸಿಯಲ್ಲೇ ಸ್ಟಾರ್ಟಿಂಗ್‌ಗೂ ಸತಾಯಿಸಿದರೆ ಆಗ ಪಂಪಿನ ಮೇಲೆ ಅನುಮಾನ ಪಡಬಹುದು. ಬಿಸಿ ಡೀಸೆಲ್ ತೆಳ್ಳಗಾಗಿ ಸವೆದ ಪ್ಲಂಜರ್ ಪಕ್ಕದಿಂದ ಜಾರುತ್ತದೆ. ಇಂಜಿನ್ ನಿಲ್ಲಿಸಿ, ಪಂಪಿನ ಮೇಲೆ ಒದ್ದೆ ಗೋಣಿಬಟ್ಟೆ ಹೊದಿಸಿ 15 ನಿಮಿಷ ಬಿಡಿ. ನೀರು ಸುರಿಯಬೇಡಿ, ಬಿಸಿ ಪಂಪು ಒಮ್ಮೆಲೇ ಕುಗ್ಗಿದರೆ ಪ್ಲಂಜರ್ ಕಚ್ಚಿಕೊಳ್ಳಬಹುದು. ಇಷ್ಟಕ್ಕೇ ಸ್ಟಾರ್ಟಿಂಗ್ ಸಲೀಸಾದರೆ ಪಂಪನ್ನು ಬೆಂಚಿಗೆ ಕಳಿಸಿ. ಕೊಡುವಾಗ ಯಾವ ಸಿಲಿಂಡರ್ ಸೋತಿತ್ತು ಎಂದು ಚೀಟಿ ಬರೆದು ಕಟ್ಟಿ, ಐಡ್ಲಿಂಗ್ ಸ್ಕ್ರೂವನ್ನು ಮೊದಲಿದ್ದ ಜಾಗಕ್ಕೆ ತಂದಿಡಿ.