ಅರ್ಧಕ್ಕೆ ನಿಲ್ಲಿಸಿದ ಕಾರ್ಡುಗಳು

ಏಪ್ರಿಲ್ 10 ದಾಟಿತೆಂದರೆ ನಮ್ಮ ಬೆಂಗಳೂರಿನ ಮನೆ ಬಿಕೋ ಎನ್ನುತ್ತದೆ. ಮಕ್ಕಳಿಬ್ಬರೂ ತಾಯಿಯೊಡನೆ ಶಿರಸಿ ಬಳಿಯ ಅಜ್ಜನ ಮನೆಗೆ ಹೋದರೆ ಮರಳುವುದು ಮೇ ಕೊನೆಗೆ. ಮಗಳಿಗೆ ಎಂಟು, ಮಗನಿಗೆ ಐದು. ರಜೆ ಸಿಗದ ಅಪ್ಪಂದಿರಿಗೆ ಉಳಿದದ್ದನ್ನು ವಿವರಿಸಬೇಕಿಲ್ಲ.

ಮೊದಲ ವರ್ಷ ವಿಡಿಯೊ ಕರೆ ನಂಬಿ ಕೆಟ್ಟೆ. ಅಲ್ಲಿ ಸಿಗ್ನಲ್ ಸಿಗುವುದು ಗುಡ್ಡದ ಗೇರುಮರದ ಬುಡದಲ್ಲಿ ಮಾತ್ರ. ಮಗ ಎರಡು ನಿಮಿಷ ಮುಖ ತೋರಿಸಿ ಗೇರುಹಣ್ಣು ಹೆಕ್ಕಲು ಓಡುತ್ತಿದ್ದ. ಮಗಳು ರಾತ್ರಿ ಅಳುತ್ತಿದ್ದಳಂತೆ. ‘ನೀವು ಫೋನ್ ಮಾಡದಿದ್ದರೆ ಮಕ್ಕಳು ಆರಾಮಾಗಿರುತ್ತಾರೆ’ ಎಂದರು ಮಾವ. ಮರುವರ್ಷ ಶುಕ್ರವಾರದ ರಾತ್ರಿ ಬಸ್ ಹಿಡಿದೆ. ಸುಮಾರು 400 ಕಿಲೋಮೀಟರ್. ಭಾನುವಾರ ಹೊರಡುವಾಗ ಮತ್ತೆ ಗೋಳಾಟ. ನಾಲ್ಕು ಸಲಕ್ಕೆ ಏಳೆಂಟು ಸಾವಿರ ಕರಗಿತು, ಸೋಮವಾರ ಕಚೇರಿಯಲ್ಲಿ ತೂಕಡಿಕೆ ಬೇರೆ.

ಕಳೆದ ವರ್ಷ ಅಂಚೆ ಕಚೇರಿಯಿಂದ 60 ಕಾರ್ಡು ತಂದೆ. ತಲಾ 50 ಪೈಸೆ, ಒಟ್ಟು 30 ರೂಪಾಯಿ. ‘ಈ ಕಾಲದಲ್ಲಿ ಕಾರ್ಡೇ?’ ಎಂದು ಹೆಂಡತಿ ನಕ್ಕಳು. ನಮ್ಮ ಅಡುಗೆಮನೆಯ ಹಲ್ಲಿಯನ್ನೇ ನಾಯಕನಾಗಿಸಿ ದಿನಕ್ಕೊಂದು ಕಥೆ ಬರೆದೆ. ಮೊದಲ ಹತ್ತು ಹಾಳಾದವು. ಇಡೀ ಕಥೆ ಕಾರ್ಡಿನಲ್ಲೇ ಮುಗಿಸುತ್ತಿದ್ದೆ. ಮಕ್ಕಳು ಒಮ್ಮೆ ಓದಿಸಿಕೊಂಡು ಮರೆತರು. ಸಾಲದ್ದಕ್ಕೆ ಮೂರು ಕಾರ್ಡು ಒಂದೇ ದಿನ ತಲುಪಿ ಕಥೆ ತಲೆಕೆಳಗಾಯಿತು. ಹನ್ನೊಂದನೆಯದರಿಂದ ಸಂಖ್ಯೆ ಹಾಕಿ, ನಡುವೆಯೇ ನಿಲ್ಲಿಸತೊಡಗಿದೆ. ಹಲ್ಲಿ ಸಾಸಿವೆ ಡಬ್ಬಿಯೊಳಗೆ ಬಿತ್ತು, ಮೇಲಿನಿಂದ ಯಾರೋ ಮುಚ್ಚಳ ಹಾಕಿದರು, ಅಷ್ಟೇ. ಮರುದಿನದಿಂದ ಇಬ್ಬರೂ ದಣಪೆಯ (ಬೇಲಿ ಬಾಗಿಲಿನ) ಬಳಿ ಪೋಸ್ಟ್‌ಮ್ಯಾನ್‌ಗೆ ಕಾದು ನಿಂತರಂತೆ.

ಯಾವ ಅಂಚೆ ಡಬ್ಬಿಗೆ, ಎಷ್ಟು ಹೊತ್ತಿಗೆ ಹಾಕಿದರೆ ಕಾರ್ಡು ಮೂರನೆಯ ದಿನವೇ ಮುಟ್ಟುತ್ತದೆ ಎಂಬುದನ್ನು ಮಾತ್ರ ಹೇಳಲಾರೆ. ಎರಡು ವಾರ ಅಲೆದು ಕಂಡುಕೊಂಡದ್ದು.

ನಡುವೆ ಮಗನ ಆಟಿಕೆ ಲಾರಿಯಲ್ಲಿ ಮೆಂತ್ಯ ಬಿತ್ತಿದ್ದೆ. ಮೊಳಕೆ ಚೆನ್ನಾಗಿಯೇ ಬಂತು, ಲಾರಿ ತುಕ್ಕು ಹಿಡಿಯಿತು. ಆ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.

ನನಗಾದ ಲಾಭವೆಂದರೆ ರಾತ್ರಿ ಒಂಬತ್ತರ ಹೊತ್ತು. ಅವರನ್ನು ಮಲಗಿಸುತ್ತಿದ್ದ ಆ ಗಂಟೆಯೇ ಎಲ್ಲಕ್ಕಿಂತ ಕಠಿಣವಾಗಿತ್ತು; ಈಗ ಹಲ್ಲಿಗೆ ಮುಂದೇನು ಮಾಡಿಸುವುದು ಎಂದು ತಲೆ ಕೆರೆದುಕೊಳ್ಳುವುದರಲ್ಲಿ ಹತ್ತೂವರೆಯಾಗುತ್ತಿತ್ತು.

ಮೇ ಮೂರನೆಯ ವಾರ ಜ್ವರ ಬಂದು ಎರಡು ದಿನ ಕಾರ್ಡು ತಪ್ಪಿತು. ಐದನೆಯ ದಿನ ಸಂಜೆ ಫೋನ್ ಬಂತು. ಮಾವ! ತಾವಾಗಿ ಎಂದೂ ಕರೆ ಮಾಡಿದವರಲ್ಲ. ಗುಡ್ಡ ಹತ್ತಿದ ಏದುಸಿರಿನಲ್ಲೇ ಕೇಳಿದರು: ‘ಆ ಹಲ್ಲಿ ಡಬ್ಬಿಯಿಂದ ಹೊರಗೆ ಬಂತೋ ಇಲ್ಲವೋ?’